ಎಡಕ್ಕೆ ತಿರುಗುವ ರಾಟೆ

ಎಂಟು ಜನ ನೀರೆತ್ತುವ ರಾಟೆಯ ತೊಲೆಗೆ ಎದೆ ಕೊಟ್ಟು ನಿಂತಿದ್ದರು. ಆದರೆ ಅದನ್ನು ಬಲಕ್ಕೆ ತಳ್ಳಬೇಕೋ ಎಡಕ್ಕೋ ಎಂಬ, ಊರಿನ ಕ್ಷೇಮವೂ ಸತ್ತವನ ಸದ್ಗತಿಯೂ ನೇತಾಡುತ್ತಿದ್ದ ಮಹಾಪ್ರಶ್ನೆ ತೀರ್ಮಾನವಾಗುವ ತನಕ ಯಾರೂ ಹೆಜ್ಜೆ ಕೀಳುವಂತಿರಲಿಲ್ಲ.

ಸತ್ತವನು ತೊಂಬತ್ತೊಂದರ ಮರುಳಸಿದ್ದಯ್ಯ. ಬೆಳಿಗ್ಗೆ ಕಾಫಿ ಕುಡಿದು, ಸಕ್ಕರೆ ಕಮ್ಮಿ ಎಂದು ದೂರಿ, ಹೊರಟುಹೋಗಿದ್ದ. ಶೆಟ್ಟಿಕೆರೆ ಸುತ್ತಿನಲ್ಲಿ ರಾಟೆ ಕಟ್ಟಿ ತೆಂಗಿಗೆ ನೀರು ಹಾಯಿಸಿದ ಕೊನೆಯವನು ಅವನೇ. ಬೋರ್‌ವೆಲ್ ಬಂದು ನಲವತ್ತು ವರ್ಷವಾದರೂ ರಾಟೆಯನ್ನು ಗುಜರಿಗೆ ಹಾಕಲು ಬಿಟ್ಟಿರಲಿಲ್ಲ. "ಪೈಪಿನ ನೀರಲ್ಲಿ ನನ್ನ ತೊಳೀಬ್ಯಾಡ ಕಣೇ, ರಾಟೆ ನೀರು ಹುಯ್ಯಿ" ಎಂದು ಹೆಂಡತಿಯಿಂದ ಮಾತು ತಗೊಂಡಿದ್ದ. ಬಾವಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಗುರುಸಿದ್ದಮ್ಮನಿಗೆ ಈಗಿದ್ದ ಚಿಂತೆ ಅದೊಂದೇ. ಕ್ರಿಯೆ ಮಾಡಿಸುವ ಅಯ್ನೋರು ಮೂರು ಗಂಟೆಗೆ ಇನ್ನೊಂದೂರಿನ ಗೃಹಪ್ರವೇಶಕ್ಕೆ ಹೋಗಬೇಕಿತ್ತು.

"ಸಾವಿನ ದಿನ ಎಡಕ್ಕೆ ಸುತ್ತಿದ್ರೆ ಊರಿಗೆ ಒಳ್ಳೇದಲ್ಲ ಕಣ್ರಪ್ಪ. ಬಲಕ್ಕೇ ನಡೀರಿ," ಎಂದ ಅವಳ ತಮ್ಮ ಮಲ್ಲಿಕಾರ್ಜುನಯ್ಯ.

ಎಂಟೂ ಜನ ಬಲಕ್ಕೆ ದಬ್ಬಿದರು. ಒಬ್ಬನ ಪಂಚೆ ಸಡಿಲಾಯಿತೇ ಹೊರತು ರಾಟೆ ಅಲುಗಲಿಲ್ಲ.

"ತುಕ್ಕು ಹಿಡ್ದೈತೆ, ಬುಡು ಮಾವ," ಎಂದ ಮಗ ಮಲ್ಲೇಶ್. "ಮೋಟ್ರು ಹಾಕ್ತೀನಿ. ಯಾವ ನೀರು ಅಂತ ಸತ್ತೋರಿಗೆ ಗೊತ್ತಾಯ್ತದಾ?"

"ನಂಗೆ ಗೊತ್ತಾಯ್ತದೆ ಕಣ್ಲಾ," ಎಂದಳು ಗುರುಸಿದ್ದಮ್ಮ.

*

ರಾಟೆಯ ಹಲ್ಲುಚಕ್ರದ ಮೇಲೆ ಒಂದು ಕಬ್ಬಿಣದ ನಾಲಿಗೆ ಕೂತಿರುತ್ತದೆ. ಬಾವಿಯಿಂದ ಸರಪಳಿಯಲ್ಲಿ ನೀರು ತುಂಬಿಕೊಂಡು ಬರುವ ಡಬ್ಬಗಳ ಭಾರಕ್ಕೆ ಚಕ್ರ ಹಿಮ್ಮುಖ ತಿರುಗದಂತೆ ತಡೆಯುವುದು ಅದರ ಕೆಲಸ. ಮುಂದಕ್ಕೆ ತಿರುಗುವಾಗ ಒಂದೊಂದು ಹಲ್ಲಿಗೂ ಟಕ್ ಟಕ್ ಎನ್ನುತ್ತದೆ. ಗುರುಸಿದ್ದಮ್ಮ ಮದುವೆಯಾಗಿ ಬಂದ ವರ್ಷ ಅತ್ತೆ ಅಂಕಮ್ಮ ಅಡುಗೆಮನೆಯಲ್ಲಿ ಮುದ್ದೆ ಕಟ್ಟುತ್ತಲೇ ಆ ಟಕ್ಕಿನ ಮೇಲೆ ಕಿವಿ ಇಟ್ಟಿರುತ್ತಿದ್ದಳು. ಅದು ನಿಂತರೆ "ಏನ್ಲಾ, ಎತ್ತು ಸತ್ವಾ?" ಎಂಬ ಕೂಗು.

ಹೀಗಾಗಿ ಹೊಸ ಗಂಡಹೆಂಡಿರಿಗೆ ಮಾತಾಡಲು ಉಳಿದ ಜಾಗ ಎತ್ತುಗಳ ಹಿಂದಿನ ತೊಲೆ ಮಾತ್ರ. ಇಬ್ಬರೂ ಅದರ ಮೇಲೆ ಕೂತು ಸುತ್ತುತ್ತಿದ್ದರೆ ಟಕ್ ಟಕ್ ನಿಲ್ಲುವ ಮಾತೇ ಇಲ್ಲ. ರಾಟೆಯ ನಡುಗಂಬ ಯಾವಾಗಲೂ ಅವಳ ಎಡಗೈ ಕಡೆಗಿತ್ತು. ಬಲಗೈ ಯಾರ ಕೈಯಲ್ಲಿತ್ತೆಂದು ಹೇಳಬೇಕಿಲ್ಲ. ಸೊಸೆ ಬಂದ ಮೇಲೆ ಮಗ ಗೇಯೋದು ಕಲಿತ ಎಂದು ಅಂಕಮ್ಮ ಊರೆಲ್ಲ ಹೊಗಳಿಕೊಂಡು ಬಂದಳು.

*

ಗುರುಸಿದ್ದಮ್ಮ ಎದ್ದು ಬಂದಳು. "ಎಡಕ್ಕೆ ತಿರುಗ್ಕೊಳ್ರೋ. ಆ ನಾಲಿಗೆ ಇರೋದೇ ಬಲಕ್ಕೆ ಹೋಗ್ದಂಗೆ ತಡ್ಯಾಕೆ. ಎಂಟು ಜನ ಇದ್ದೀರ, ಎರಡು ಎತ್ತಿಗಿದ್ದ ಬುದ್ಧಿ ಇಲ್ಲ."

"ಅಕ್ಕ, ಸಾವಿನ ದಿನ..."

"ನಿಮ್ಮ ಭಾವ ದಿನಾ ಎಡಕ್ಕೇ ಸುತ್ತಿ ತೊಂಬತ್ತೊಂದು ವರ್ಷ ಬದುಕಿದ್ರು. ನೀನು ದೇವಸ್ಥಾನ ಬಲಕ್ಕೆ ಸುತ್ತಿ ಸುತ್ತಿ ಶುಗರ್ ಬರಿಸ್ಕೊಂಡೆ."

ಅಯ್ನೋರು ಗಡಿಯಾರ ನೋಡಿಕೊಂಡರು. "ತಳ್ಳಿ, ತಳ್ಳಿ. ಶಿವನಿಗೆ ಎಡ ಬಲ ಇಲ್ಲ, ನನಗೆ ಮೂರು ಗಂಟೆಗೆ ಗೃಹಪ್ರವೇಶ ಐತೆ."

ರಾಟೆ ಒಮ್ಮೆ ನರಳಿತು, ಆಮೇಲೆ ಟಕ್ ಎಂದಿತು. ಅರ್ಧದಷ್ಟು ಡಬ್ಬ ತೂತು, ಉಳಿದವುಗಳಲ್ಲಿ ನೀರು. ಮೊದಲು ಕೆಂಪಗೆ, ಬರಬರುತ್ತಾ ತಿಳಿ. ಮರುಳಸಿದ್ದಯ್ಯನಿಗೆ ಕೊಡಗಟ್ಟಲೆ ಹುಯ್ದರು, ವಿಭೂತಿ ಬಳಿದು ಕುರ್ಚಿಯಲ್ಲಿ ಕೂರಿಸಿದರು.

ತೊಲೆಯವರಿಗೆ ಸಾಕು ಎಂದು ಹೇಳುವುದನ್ನು ಎಲ್ಲರೂ ಮರೆತರು. ಅವರಾಗಲೇ ಮಾತಿಗೆ ಬಿದ್ದಿದ್ದರು.

"ಇದೇ ತೊಲೆ ಮೇಲೆ ಗೊರಕೆ ಹೊಡೀತಿದ್ದ ಕಣ್ಲಾ ಅಜ್ಜ," ಎಂದ ಪಕ್ಕದ ತೋಟದ ಕಲ್ಲೇಶ್. "ಎತ್ತು ಗೇಯದು, ಹೆಸರು ಇವನಿಗೆ."

"ನೀನೂ ನಿದ್ದೇಲೇ ನಡೀತಿದ್ದೀಯ, ತಳ್ಳಲಾ," ಎಂದ ಅವನ ಹಿಂದಿದ್ದವನು.

ಗುರುಸಿದ್ದಮ್ಮ ಗಂಡನ ಪಕ್ಕ ಕೂತು ಆ ಟಕ್ ಟಕ್ ಕೇಳುತ್ತಿದ್ದಳು. ನಿಲ್ಲಿಸಿ ಎನ್ನಲು ಅವಳಿಗಂತೂ ಮನಸ್ಸಿರಲಿಲ್ಲ.

ಎರಡೂವರೆಗೆ ತೋಟದಿಂದ ಗಿಡ್ಡಯ್ಯ ಬಂದ, ಮಂಡಿವರೆಗೂ ಕೆಸರು. ಬೆಳಗಿನಿಂದ ಸಮಾಧಿಗೆ ಗುಂಡಿ ತೋಡುತ್ತಿದ್ದವನು ಅವನು.

"ಅಮ್ಮಾರೆ, ಯಾರ್ರೀ ಅದು ನೀರು ಬುಟ್ಟೋರು? ಕಾಲುವೇಲಿ ಹರ್ದು ಬಂದು ಗುಂಡಿ ತುಂಬೋಯ್ತು."

ಮಲ್ಲೇಶ್ ತಲೆ ಹಿಡಿದುಕೊಂಡ. ಗುರುಸಿದ್ದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಭುಜ ಕುಲುಕತೊಡಗಿತು. ಸಮಾಧಾನ ಮಾಡಲು ಓಡಿ ಬಂದ ಸೊಸೆ ಸುನಂದಾ, ಅತ್ತೆಯ ಮುಖ ನೋಡಿ ತಾನೂ ಸೆರಗು ಹುಡುಕಿದಳು.

ಅಯ್ನೋರ ಗೃಹಪ್ರವೇಶ ತಪ್ಪಿತು. ಮರುಳಸಿದ್ದಯ್ಯನನ್ನು ಸಂಜೆ ಐದೂವರೆಗೆ, ಹತ್ತು ಮಾರು ಮೇಲಿನ ಒಣನೆಲದಲ್ಲಿ ಮಣ್ಣು ಮಾಡಿದರು. ತೋಡಿದ ಗುಂಡಿ ಖಾಲಿ ಬಿಡಬಾರದೆಂದು ಮೊದಲನೆಯದರಲ್ಲಿ ತೆಂಗಿನ ಸಸಿ ಇಟ್ಟರು.