ಐವತ್ತಕ್ಕೆ ಇಪ್ಪತ್ತೆಂಟು

ಒಂಬತ್ತನೇ ಕ್ಲಾಸಿನ ಬಿಂದುಶ್ರೀಗೆ ಒಬ್ಬ ಲೇಖಕಿಯ ಜೊತೆ ಜಗಳವಾಡಬೇಕಿತ್ತು. ಲೇಖಕಿಯ ಹೆಸರು ಮಾನಸ, ಊರು ಬೆಂಗಳೂರು. ಆಕೆ ಬರೆದ 'ಹಿಂದಿನ ಬೆಂಚಿನ ಸಾಕ್ಷಿ' ಎಂಬ ಹೊಸ ಕಾದಂಬರಿಯನ್ನು ಬಿಂದುಶ್ರೀ ಮೂರು ಸಲ ಓದಿದ್ದಳು. ಒಂದು ಸಲ ಒಲೆಯ ಮುಂದೆ ಕೂತು ಓದುತ್ತಾ ಹಾಲು ಉಕ್ಕಿಸಿ, ಅವ್ವ ಚೆಲುವಮ್ಮನ ಕೈಲಿ ಬೈಸಿಕೊಂಡಿದ್ದಳು. ಅಷ್ಟು ಇಷ್ಟಪಟ್ಟ ಪುಸ್ತಕದ ಕೊನೆಯ ಅಧ್ಯಾಯ ಮಾತ್ರ ಮೂರು ಸಲವೂ ಅವಳ ಮೈ ಉರಿಸಿತ್ತು. ಪುಸ್ತಕಕ್ಕೆ ಬೈದರೆ ಅದು ತಿರುಗಿ ಬೈಯುವುದಿಲ್ಲ. ಬರೆದವರೇ ಎದುರಿಗೆ ಸಿಗಬೇಕು.

ಸಿಗುವ ಕಾಲವೂ ಬಂದಿತ್ತು. ಹೆಗ್ಗದ್ದೆ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ಚೈತ್ರಶ್ರೀ ಫೋನ್ ಮಾಡಿ ಕರೆದದ್ದಕ್ಕೆ ಮಾನಸ ಒಪ್ಪಿಕೊಂಡು, ಬರುವ ಭಾನುವಾರ ಬರುತ್ತೇನೆ ಎಂದಿದ್ದರು. ಮಕ್ಕಳು ತಮ್ಮ ಕಾದಂಬರಿಯ ಬಗ್ಗೆ ಏನಂದರು ಎಂಬುದನ್ನು ಮೊದಲೇ ಕಳಿಸಿಕೊಡಿ ಎಂದೂ ಹೇಳಿದ್ದರು.

ಎಡವಟ್ಟಾಗಿದ್ದು ಅಲ್ಲೇ. ಅದು ತಿಳಿಯಬೇಕಾದರೆ ಹೆಗ್ಗದ್ದೆಯ ಮಕ್ಕಳು ಪುಸ್ತಕ ಅಳೆಯುವ ಕ್ರಮ ಗೊತ್ತಿರಬೇಕು.

ಹೋದ ವರ್ಷದವರೆಗೆ ಆ ಗ್ರಂಥಾಲಯದಲ್ಲಿ ಎಲ್ಲ ಪುಸ್ತಕಗಳೂ ಒಳ್ಳೆಯವೇ ಆಗಿದ್ದವು. ಭಾನುವಾರ ಮಕ್ಕಳು ಸೇರುತ್ತಿದ್ದರು, ಒಬ್ಬೊಬ್ಬರೇ ಎದ್ದು "ತುಂಬಾ ಚೆನ್ನಾಗಿದೆ, ಎಲ್ಲರೂ ಓದಬೇಕು, ಐದು ಸ್ಟಾರ್" ಎಂದು ಒಪ್ಪಿಸಿ ಕೂತುಬಿಡುತ್ತಿದ್ದರು. ಓದದೆ ಬಂದವರೂ ಅದನ್ನೇ ಹೇಳುತ್ತಿದ್ದರು. ಕೇಳಿ ಕೇಳಿ ಒಂದು ದಿನ ಚೈತ್ರಶ್ರೀಗೆ ರೇಗಿಹೋಯಿತು.

"ಎಲ್ಲದಕ್ಕೂ ಐದು ಸ್ಟಾರ್ ಕೊಟ್ರೆ ನಾನು ಮುಂದಿನ ಸಲ ಯಾವ ಪುಸ್ತಕ ತರಿಸ್ಲಿ? ಮದುವೆ ಮನೆ ಊಟ ಹೆಂಗಿತ್ತು ಅಂದ್ರೆ ಉಪ್ಪಿಲ್ದಿದ್ರೂ ಚೆನ್ನಾಗಿತ್ತು ಅಂತೀರಲ್ಲ, ಹಂಗಾಯ್ತು. ಬರೆದೋರೇನು ನಿಮ್ಮ ಬೀಗರಾ? ಬಾಯಿಬಿಟ್ಟು ನಿಜ ಹೇಳ್ರೋ."

ಆಗ ಎದ್ದವನು ಏಳನೇ ಕ್ಲಾಸಿನ ಬಾಲು. ಅವನಪ್ಪ ಯೋಗಾನಂದ ಬಾಳ್ಳುಪೇಟೆಯಲ್ಲಿ ಕಾಫಿ ಕೊಳ್ಳುವ ಅಂಗಡಿ ಇಟ್ಟಿದ್ದಾನೆ. ಮಗನ ನಾಲಿಗೆಯೂ ಅಂಗಡಿಯ ನಾಲಿಗೆಯೇ.

"ಚೈತ್ರಕ್ಕ, ಸ್ಟಾರ್ ಬ್ಯಾಡ. ಓಟಿ ನೋಡಣ."

ಆ ಸೀಮೆಯಲ್ಲಿ ಓಟಿ ಎಂದರೆ ಕೂಸಿಗೂ ಗೊತ್ತು. ಒಣಗಿಸಿದ ಕಾಫಿ ಹಣ್ಣಿನ ಚೀಲ ಅಂಗಡಿಗೆ ಬಂದರೆ ವ್ಯಾಪಾರಿ ತೋಟದವನ ಬಾಯಲ್ಲಿ ಹೊಗಳಿಕೆ ಕೇಳುತ್ತಾ ಕೂರುವುದಿಲ್ಲ. ಸ್ವಲ್ಪ ಸ್ಯಾಂಪಲ್ ತೆಗೆದು, ಸಣ್ಣ ಮಿಷನ್ನಿನಲ್ಲಿ ಸಿಪ್ಪೆ ಬಿಡಿಸಿ, ಉಳಿದ ಬೀಜ ತೂಗಿ, ಐವತ್ತು ಕೆಜಿ ಚೀಲಕ್ಕೆ ಇಷ್ಟು ಕೆಜಿ ಬೀಜ ಎಂದು ಹೇಳಿಬಿಡುತ್ತಾನೆ. ಅದೇ ಓಟಿ. ಇಪ್ಪತ್ತಾರು ಬಂದರೆ ಪರವಾಗಿಲ್ಲ. ಇಪ್ಪತ್ತೆಂಟು ಬಂದರೆ ತೋಟದವನು ಎದೆ ಸೆಟೆಸಿಕೊಂಡು ಮನೆಗೆ ಹೋಗುತ್ತಾನೆ. ಮೂವತ್ತು ದಾಟಿತು ಎಂದರೆ ತಕ್ಕಡಿ ಕೆಟ್ಟಿದೆ ಎಂದೇ ಅರ್ಥ.

"ಪುಸ್ತಕಾನೂ ಹಂಗೇ ಅಕ್ಕ," ಎಂದ ಬಾಲು. "ಎಷ್ಟು ಸಿಪ್ಪೆ, ಎಷ್ಟು ಬೀಜ. ಅಷ್ಟೇಯ."

ಅವತ್ತಿನಿಂದ ಮಕ್ಕಳ ಬಾಯಿಗೆ ಹಾಕಿದ್ದ ಬೀಗ ಕಳಚಿತು. 'ಗೂಡ್ಸ್ ರೈಲಿನ ಬೆಕ್ಕು' ಎಂಬ ಕಾದಂಬರಿಗೆ ಬಾಲು ಇಪ್ಪತ್ತೈದು ಕೊಟ್ಟ. "ಬೆಕ್ಕು ಚೆನ್ನಾಗೈತೆ. ಆದ್ರೆ ಅದು ಸ್ಟೇಷನ್ ಸ್ಟೇಷನ್‌ನಲ್ಲೂ ಇಳಿದು ಬುದ್ಧಿ ಹೇಳ್ತದೆ. ನಮ್ಮನೆ ಬೆಕ್ಕು ಯಾವತ್ತಾದ್ರೂ ನಂಗೆ ಬುದ್ಧಿ ಹೇಳಿದ್ರೆ ಹೊರಗೆ ಹಾಕಿ ಬಾಗ್ಲು ಹಾಕ್ಕೊತೀನಿ."

ಬಿಂದುಶ್ರೀಯ ಜೊತೆಗಾತಿ ರಶ್ಮಿತಾ 'ಚಂದ್ರನ ಮೇಲೆ ಟ್ಯೂಷನ್' ಓದಿ ಇಪ್ಪತ್ತೇಳು ಕೊಟ್ಟಳು. "ಅಲ್ಲಿ ಹೋದ್ರೂ ಟ್ಯೂಷನ್ ತಪ್ಪಲ್ಲ ಅನ್ನೋದು ನಿಜವಾದ ಮಾತು. ಆದ್ರೆ ಮೇಷ್ಟ್ರು ರೋಬೋಟು. ರೋಬೋಟು ಹೊಡೆಯಲ್ಲ, ಬೈಯಲ್ಲ. ಇನ್ನೇನು ಮಜಾ."

ಚೈತ್ರಶ್ರೀ ಇಂಥ ಮಾತುಗಳನ್ನು ರಟ್ಟಿನ ಮೇಲೆ ಬರೆಸಿ ಗೋಡೆಗೆ ಅಂಟಿಸುತ್ತಿದ್ದಳು. 'ಹಿಂದಿನ ಬೆಂಚಿನ ಸಾಕ್ಷಿ'ಯ ರಟ್ಟನ್ನು ಬರೆದವಳು ಬಿಂದುಶ್ರೀ. ಅವಳದು ಉದ್ದ ಬರೆಯುವ ಕೈಯಲ್ಲ. "ಐವತ್ತಕ್ಕೆ ಇಪ್ಪತ್ತೆಂಟು. ಕೊನೆಯ ಅಧ್ಯಾಯದಲ್ಲಿ ಸಿಪ್ಪೆ ಇದೆ. ಬಿಂದುಶ್ರೀ, ಒಂಬತ್ತನೇ ತರಗತಿ." ಆ ಗೋಡೆಯ ಮೇಲೆ ಅದುವರೆಗೆ ಯಾರಿಗೂ ಇಪ್ಪತ್ತೆಂಟು ಬಿದ್ದಿರಲಿಲ್ಲ. ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ ಎಂದುಕೊಂಡೇ ಚೈತ್ರಶ್ರೀ ಅದರ ಫೋಟೊ ತೆಗೆದು ಲೇಖಕಿಗೆ ಕಳಿಸಿದಳು. ಘಟ್ಟದ ಆಚೀಚೆ ಬಿಟ್ಟರೆ ಬೇರೆ ಕಡೆ ಐವತ್ತಕ್ಕೆ ಇಪ್ಪತ್ತೆಂಟು ಎಂದರೆ ಏದುಸಿರು ಬಿಡುತ್ತಾ ಪಾಸಾದ ಹುಡುಗನ ಅಂಕ ಎಂಬುದು ಅವಳಿಗಾಗಲಿ, ಸುತ್ತ ನಿಂತ ಮಕ್ಕಳಿಗಾಗಲಿ ಹೊಳೆಯಲೇ ಇಲ್ಲ.

ಗುರುವಾರ ಸಂಜೆ ಉತ್ತರ ಬಂತು. "ನೇರ ಅಭಿಪ್ರಾಯಕ್ಕೆ ಧನ್ಯವಾದ. ಭಾನುವಾರ ಬೇರೆ ಕೆಲಸ ಬಂದಿರುವುದರಿಂದ ಬರಲಾಗುತ್ತಿಲ್ಲ. ಮಕ್ಕಳಿಗೆ ಒಳ್ಳೆಯದಾಗಲಿ."

ಶಾಲೆ ಬಿಟ್ಟು ಗ್ರಂಥಾಲಯಕ್ಕೆ ಬಂದ ಬಿಂದುಶ್ರೀಗೆ ಚೈತ್ರಶ್ರೀ ಫೋನನ್ನೇ ಕೊಟ್ಟು ಓದಿಸಿದಳು. ಬಿಂದುಶ್ರೀ ಎರಡು ಸಲ ಓದಿದಳು. ಅವಳ ಮುಖ ಸುಟ್ಟ ಬದನೆಕಾಯಿಯಾಯಿತು.

"ಬ್ಯಾರೆ ಕೆಲ್ಸ ಅಂತೆ," ಎಂದಳು ರಶ್ಮಿತಾ. "ನಮ್ಮತ್ತೆ ನಮ್ಮನೇಗೆ ಬರಾಕೆ ಇಷ್ಟ ಇಲ್ದಾಗ ಹಿಂಗೇ ಅನ್ನೋದು. ಇದು ಸಿಟ್ಟು ಕಣೇ."

"ನಾನೇನು ಬೈದೆ? ಇಪ್ಪತ್ತೆಂಟು ಕೊಟ್ಟೀನಿ."

"ಸಿಪ್ಪೆ ಐತೆ ಅಂದ್ಯಲ್ಲ."

"ಸಿಪ್ಪೆ ಇಲ್ದಿರೋ ಕಾಫಿ ಎಲ್ಲೈತೆ?"

ಚೈತ್ರಶ್ರೀ ಹಣೆ ಚಚ್ಚಿಕೊಂಡಳು. ಈಗ ಅವಳಿಗೆ ಹೊಳೆದಿತ್ತು. "ಅಯ್ಯೋ ನನ್ನ ಬುದ್ಧಿಗಿಷ್ಟು. ಅವ್ರಿಗೆ ಓಟಿ ಎಲ್ಲಿಂದ ಗೊತ್ತಾಗ್ಬೇಕು. ಐವತ್ತಕ್ಕೆ ಇಪ್ಪತ್ತೆಂಟು ಅಂದ್ರೆ ಪರೀಕ್ಷೆ ಮಾರ್ಕ್ಸ್ ಅಂದ್ಕೊಂಡ್ಬುಟ್ಟವ್ರೆ. ತಗೋ, ನೀನೇ ಬರ್ದಿದ್ದು, ನೀನೇ ಹೇಳು."

ಗ್ರಂಥಾಲಯದೊಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಹತ್ತಿ ನಿಂತರೆ ಸಿಗುತ್ತದೆ. ಬಿಂದುಶ್ರೀ ಹತ್ತಿದಳು. ಅವಳ ಹಿಂದೆ ರಶ್ಮಿತಾ, ಅವಳ ಹಿಂದೆ ಕರೆಯದೆ ಬಂದ ಬಾಲು. ಕೆಳಗೆ ಚೈತ್ರಶ್ರೀ ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಬೆಂಗಳೂರಿನ ದನಿ ತಣ್ಣಗಿತ್ತು. "ಹೇಳಿ."

"ಮೇಡಂ, ನಾನು ಬಿಂದುಶ್ರೀ. ಇಪ್ಪತ್ತೆಂಟು ಕೊಟ್ಟೋಳು."

"ಓ, ನೀನಾ. ಪರವಾಗಿಲ್ಲಮ್ಮ, ಇಷ್ಟ ಆಗದಿದ್ದರೆ ಆಗಲಿಲ್ಲ ಅನ್ನಬೇಕು. ನನಗೇನೂ ಬೇಜಾರಿಲ್ಲ."

ಬೇಜಾರಿಲ್ಲದವರು ಹಾಗೆ ಮಾತಾಡುವುದಿಲ್ಲ ಎಂಬುದು ಬಿಂದುಶ್ರೀಗೆ ಗೊತ್ತಿತ್ತು. ಅವಳು ಚೀಲದಿಂದ ಶುರುಮಾಡಿ, ಮಿಷನ್ನು, ಸಿಪ್ಪೆ, ತಕ್ಕಡಿ ಎಲ್ಲ ಹೇಳುವಷ್ಟರಲ್ಲಿ ಬಾಲು ಕುತ್ತಿಗೆ ಚಾಚಿ, "ಮೇಡಂ, ತೇವ ಇದ್ರೆ ಓಟಿ ಇನ್ನೂ ಬೀಳ್ತದೆ" ಎಂದು ಕೂಗಿದ. ರಶ್ಮಿತಾ ಅವನ ಬಾಯಿ ಮುಚ್ಚಿದಳು.

"ಒಂದು ನಿಮಿಷ," ಎಂದರು ಮಾನಸ. "ಹಾಗಾದರೆ ಐವತ್ತಕ್ಕೆ ಐವತ್ತು ಯಾರಿಗೆ ಸಿಗತ್ತೆ?"

"ಯಾರಿಗೂ ಸಿಗಲ್ಲ ಮೇಡಂ. ದೇವ್ರು ಬೆಳೆದ್ರೂ ಸಿಗಲ್ಲ."

"ನನಗಿಂತ ಜಾಸ್ತಿ ಬಂದಿರೋರು?"

"ಇಲ್ಲ."

ಆಮೇಲೆ ಮಾನಸ ಯಾವುದೋ ಸುಮ್ಮನೆ ಕೇಳುವ ವಿಷಯ ಎಂಬಂತೆ ಕೇಳಿದರು. "'ಗೂಡ್ಸ್ ರೈಲಿನ ಬೆಕ್ಕು' ಓದಿದ್ದೀರಾ? ಅದಕ್ಕೆ ಎಷ್ಟು ಕೊಟ್ಟಿರಿ?"

"ಇಪ್ಪತ್ತೈದು."

"ಅದಕ್ಕೆ ದೊಡ್ಡ ಬಹುಮಾನ ಬಂದಿದೆ, ಗೊತ್ತಾ?"

"ಬಂದಿರ್ಬೋದು ಮೇಡಂ. ಬಹುಮಾನ ಕೊಟ್ಟೋರು ಸ್ಯಾಂಪಲ್ ನೋಡಿರಲ್ಲ."

ಲೇಖಕಿ ನಕ್ಕರು. ಆ ನಗು ಸಿಟ್ಟನ್ನು ಗುಡಿಸಿ ಸಾರಿಸಿ ಹಾಕಿತು. ಭಾನುವಾರದ ಬೇರೆ ಕೆಲಸ ಅಲ್ಲೇ ಮಾಯವಾಯಿತು. ಬಿಂದುಶ್ರೀ ಬೆಂಚಿನಿಂದ ಧುಮುಕಿ, ನಿಂತಲ್ಲೇ ಒಂದು ಸುತ್ತು ತಿರುಗಿದಳು.

ಚೈತ್ರಶ್ರೀ ಅವಳ ಜಡೆ ಹಿಡಿದು ನಿಲ್ಲಿಸಿದಳು. "ನೋಡು ಮಾರಾಯ್ತಿ, ಬಲು ಕಷ್ಟದಲ್ಲಿ ಒಪ್ಪವ್ರೆ. ಅವರ ಎದುರಿಗೆ ಕೊನೆ ಅಧ್ಯಾಯದ ಸುದ್ದಿ ಎತ್ತಬ್ಯಾಡ. ಸೆಕ್ರೆಟರಿ ಬೇರೆ ಬತ್ತಾರೆ, ಹಾರ ಶಾಲು ಎಲ್ಲ ತರ್ತಾರೆ. ಚೆನ್ನಾಗೈತೆ ಅನ್ನು, ಕೈ ಮುಗಿ, ಕೂತ್ಕೊ."

"ನಿಜ ಹೇಳ್ರಿ ಅಂದೋರು ನೀವೇ ಅಲ್ವಾ ಅಕ್ಕ?"

"ಬರೆದೋರು ಊರಲ್ಲಿ ಇಲ್ದಾಗ ಹೇಳಿ ಅಂದಿದ್ದು."

ಮನೆಗೆ ಹೋಗುವ ದಾರಿಯುದ್ದಕ್ಕೂ ಬಿಂದುಶ್ರೀಗೆ ಒಂದೇ ಯೋಚನೆ. ಜಗಳವಾಡುವುದಕ್ಕೆ ಅಂತ ಕರೆಸಿಕೊಂಡವರ ಎದುರು ಜಗಳವಾಡಬಾರದಂತೆ. ಆಡಿದರೆ ಅವರು ಮತ್ತೆ ಮುನಿಸಿಕೊಂಡು ಹೊರಟುಹೋಗಬಹುದು. ಆಡದಿದ್ದರೆ ಅವರು ಬಂದೂ ಬಾರದ ಹಾಗೆ.

ಭಾನುವಾರ ಮಾನಸ ಸಕಲೇಶಪುರದವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಬಂದಿಳಿದರು. ಘಟ್ಟದ ತಿರುವುಗಳು ಅವರ ಹೊಟ್ಟೆಯನ್ನು ಬಟ್ಟೆ ಹಿಂಡಿದಂತೆ ಹಿಂಡಿದ್ದವು. ಚೆಲುವಮ್ಮ ಕಳಿಸಿದ್ದ ಕರಿಮೆಣಸಿನ ಕಷಾಯ ಕುಡಿದ ಮೇಲೆ ಮುಖಕ್ಕೆ ಬಣ್ಣ ಬಂತು. ಪಂಚಾಯಿತಿ ಸೆಕ್ರೆಟರಿ ರಾಮಯ್ಯ ಶಾಲು ಹೊದಿಸಿ, ಪುಸ್ತಕ ಜ್ಞಾನದ ದೀಪ ಎಂದು ಶುರುಮಾಡಿ, ಆ ದೀಪ ಆರಿದರೂ ಕೂರದೆ, ಬಹಳ ಹೊತ್ತು ಮಾತಾಡಿದ. ಅವನು ಒಂದೂ ಪುಸ್ತಕ ಓದಿರಲಿಲ್ಲ. ಆಮೇಲೆ ಮಕ್ಕಳ ಸರದಿ.

ಬಾಲು ಎದ್ದು, "ನಾನು ನಿಮ್ದು ಓದಿಲ್ಲ ಮೇಡಂ, ದಪ್ಪ ಐತೆ" ಎಂದು ಕೂತ. ರಶ್ಮಿತಾ, ಅದರಲ್ಲಿ ಬರುವ ಊಟದ ಡಬ್ಬಿಯ ಪ್ರಸಂಗ ಓದಿ ಬಸ್ಸಿನಲ್ಲಿ ಒಬ್ಬಳೇ ನಕ್ಕಿದ್ದನ್ನು, ಪಕ್ಕದ ಹೆಂಗಸು ಸೀಟು ಬದಲಾಯಿಸಿದ್ದನ್ನು ಹೇಳಿದಳು. ಮಾನಸ ಕುರ್ಚಿಯಲ್ಲಿ ಅರಳಿಹೋದರು.

ಬಿಂದುಶ್ರೀ ಎದ್ದಳು. ಚೈತ್ರಶ್ರೀ ಕಣ್ಣಲ್ಲೇ ಗದರಿಸಿದಳು.

"ಚೆನ್ನಾಗೈತೆ ಮೇಡಂ," ಎಂದಳು ಬಿಂದುಶ್ರೀ. ಕೈ ಮುಗಿದಳು. ಕೂರಲಿಲ್ಲ. ಕಾಲು ಮಡಚುವುದನ್ನೇ ಮರೆತವಳ ಹಾಗೆ ನಿಂತೇ ಇದ್ದಳು.

"ಇನ್ನೇನಾದ್ರೂ ಇದೆಯಾ?" ಎಂದರು ಮಾನಸ.

"ಐತೆ. ಆದ್ರೆ ನೀವು ಸಿಟ್ಟು ಮಾಡ್ಕೊಂಡು ಹೊರಟೋದ್ರೆ ಇವ್ರೆಲ್ಲ ನನ್ನ ಬೈತಾರೆ."

ಚೈತ್ರಶ್ರೀ ತಲೆ ತಗ್ಗಿಸಿದಳು. ರಾಮಯ್ಯ ಗಂಟಲು ಸರಿಮಾಡಿಕೊಂಡ. ಮಾನಸ ಶಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, "ಹೇಳು" ಎಂದರು.

ಹೇಳಿದಳು. ಕಾದಂಬರಿಯ ನೀಲಾ ಎಂಬ ಹುಡುಗಿ ಹಿಂದಿನ ಬೆಂಚಿನಲ್ಲಿ ಕೂತು, ತನ್ನ ಪ್ರಾಣಸ್ನೇಹಿತೆ ಪ್ರಶ್ನೆಪತ್ರಿಕೆ ಕದ್ದದ್ದನ್ನು ನೋಡಿಬಿಡುತ್ತಾಳೆ. ಹೇಳಲೋ ಬೇಡವೋ ಎಂದು ಪುಸ್ತಕದ ತುಂಬ ಒದ್ದಾಡುತ್ತಾಳೆ. ಕೊನೆಗೆ ಹೇಳುತ್ತಾಳೆ. ಕೊನೆಯ ಅಧ್ಯಾಯದಲ್ಲಿ ಸ್ನೇಹಿತೆ ವೇದಿಕೆ ಹತ್ತಿ ಕ್ಷಮೆ ಕೇಳುತ್ತಾಳೆ, ಇಡೀ ಶಾಲೆ ಎದ್ದು ಚಪ್ಪಾಳೆ ಹೊಡೆಯುತ್ತದೆ, ಇಬ್ಬರೂ ತಬ್ಬಿಕೊಳ್ಳುತ್ತಾರೆ.

"ಯಾವ ಶಾಲೇಲಿ ಚಪ್ಪಾಳೆ ಹೊಡೀತಾರೆ ಮೇಡಂ? ಮೇಷ್ಟ್ರಿಗೆ ಹೇಳಿಕೊಟ್ಟೋಳನ್ನ ಯಾರೂ ಮಾತಾಡ್ಸಲ್ಲ. ಊಟಕ್ಕೆ ಪಕ್ಕ ಕೂರಿಸ್ಕಳಲ್ಲ. ನೀಲಾ ನಿಜ ಹೇಳಿದ್ದಕ್ಕೆ ಅವ್ಳಿಗೆ ಏನೂ ನಷ್ಟ ಆಗ್ಲಿಲ್ಲ ಅಂದ್ರೆ, ಅಷ್ಟುದ್ದ ಒದ್ದಾಡಿದ್ದು ಯಾಕೆ? ನನ್ನ ಮೂರು ದಿನ ನಿದ್ದೆಗೆಡಿಸಿ, ಕೊನೇಲಿ ಮಿಠಾಯಿ ಕೊಟ್ಟು ಕಳಿಸ್ಬುಟ್ರಿ."

ಮಾನಸರ ಕೆನ್ನೆ ಕೆಂಪಗಾಯಿತು. ಎದ್ದೇ ಬಿಟ್ಟರು ಎಂದುಕೊಂಡಳು ಬಿಂದುಶ್ರೀ. ನಿಜಕ್ಕೂ ಎದ್ದರು. ಆದರೆ ಬಾಗಿಲ ಕಡೆ ಹೋಗದೆ ನೇರ ಅವಳ ಎದುರಿಗೆ ಬಂದು ನಿಂತರು.

"ಓದೋರನ್ನ ಅಳಿಸಿ ಕಥೆ ಮುಗಿಸೋದು ಸುಲಭ ಕಣಮ್ಮ. ನಿಜ ಹೇಳಿದ ಹುಡುಗೀರಿಗೆ ಎಲ್ಲರೂ ಶಿಕ್ಷೆ ಕೊಟ್ಟೇ ಮುಗಿಸ್ತಾರೆ. ಒಂದು ಪುಸ್ತಕದಲ್ಲಾದ್ರೂ ಒಬ್ಬಳಿಗೆ ಚಪ್ಪಾಳೆ ಬೀಳಲಿ ಅಂತ ಬರೆದೆ. ತಪ್ಪಾ?"

ಇದನ್ನು ಬಿಂದುಶ್ರೀ ಎಣಿಸಿರಲಿಲ್ಲ. ಮೂರು ಸಲ ಓದಿದರೂ ಈ ಕಡೆಯಿಂದ ನೋಡಿರಲಿಲ್ಲ. ಅವಳು ತುಟಿ ಕಚ್ಚಿದಳು. ಸೋತೆ ಅನ್ನುವುದು ಅವಳ ಜಾಯಮಾನವಲ್ಲ. "ತಪ್ಪಲ್ಲ. ಆದ್ರೆ ನಂಗೆ ನಂಬಿಕೆ ಬರ್ಲಿಲ್ಲ."

"ನಿನಗೆ ಹೇಗೆ ಗೊತ್ತು ಹಾಗಾಗಲ್ಲ ಅಂತ?"

ಬಿಂದುಶ್ರೀ ಹಿಂದೆ ತಿರುಗಿ ನೋಡಿದಳು. ಹಿಂದಿನಿಂದ ರಶ್ಮಿತಾ ಎದ್ದು, ಹಾಜರಿ ಕೂಗಿದರೆ ಉತ್ತರ ಕೊಡುವವಳ ಹಾಗೆ, "ನಾನೇ ಮೇಡಂ. ಇವ್ಳು ನನ್ನ ಹಿಡ್ಕೊಟ್ಟಿದ್ಲು. ಏಳನೇ ಕ್ಲಾಸಲ್ಲಿ. ಲೆಕ್ಕದ ಪರೀಕ್ಷೇಲಿ ಕಾಪಿ ಹೊಡೀತಿದ್ದೆ" ಎಂದಳು.

ಬಾಲು ಕಿಸಕ್ಕೆಂದ. ಅಷ್ಟರಲ್ಲಿ ಹೊರಗೆ ಬಸ್ಸಿನ ಹಾರನ್ ಕೇಳಿತು. ಸಕಲೇಶಪುರಕ್ಕೆ ಹೋಗುವ ಮಧ್ಯಾಹ್ನದ ಬಸ್ಸು. ಮಾನಸ ಅದರಲ್ಲೇ ಹೋಗಬೇಕಿತ್ತು. ಇನ್ನೊಂದು ಬರುವುದು ಸಂಜೆಗೆ, ಬಂದರೆ ಬಂತು. ರಾಮಯ್ಯ ಅವರ ಬ್ಯಾಗು ಹಿಡಿದು ಅವಸರಿಸಿದ. "ಮೇಡಂ, ಬರ್ರಿ ಬರ್ರಿ, ಡ್ರೈವರ್ ನಿಲ್ಸಲ್ಲ. ಮಕ್ಕಳು ಏನೋ ಅಂತವೆ, ಮನಸ್ಸಿಗೆ ಹಾಕ್ಕಬ್ಯಾಡಿ."

ಮಾನಸ ಅವನ ಕಡೆ ತಿರುಗಲೂ ಇಲ್ಲ. ರಶ್ಮಿತಾಳನ್ನೇ ನೋಡುತ್ತಾ, "ಎಷ್ಟು ದಿನ ಮಾತು ಬಿಟ್ಟಿದ್ದೆ?" ಎಂದರು.

"ಗೌರಿ ಹಬ್ಬದಿಂದ ದೀಪಾವಳಿ ಗಂಟ. ದೀಪಾವಳಿಗೂ ಮಾತಾಡ್ತಿರ್ಲಿಲ್ಲ, ಇವ್ಳ ಸಪ್ಪೆ ಮುಖ ನೋಡಕ್ಕಾಗ್ಲಿಲ್ಲ."

ಹಾರನ್ ಮತ್ತೊಮ್ಮೆ ಕೇಳಿತು. ಬಾಲು ಕಿಟಕಿಯಿಂದ ಇಣುಕಿ, "ಬಸ್ಸು ಹೊಂಟೋಯ್ತು" ಎಂದು ವರದಿ ಒಪ್ಪಿಸಿದ. ರಾಮಯ್ಯ ಬ್ಯಾಗನ್ನು ನೆಲಕ್ಕಿಟ್ಟ. ಚೈತ್ರಶ್ರೀ ಮಾತ್ರ, ಬಂದವರಿಗೆ ಮಧ್ಯಾಹ್ನಕ್ಕೆ ಏನು ಮಾಡಿಸುವುದು ಎಂಬ ಲೆಕ್ಕಕ್ಕೆ ಆಗಲೇ ಇಳಿದು, ಚೆಲುವಮ್ಮನ ಮನೆಗೆ ಹೇಳಿಕಳಿಸಲು ಹೊರಗೆ ಹೋದಳು.

ಲೇಖಕಿ ಕುರ್ಚಿ ಬಿಟ್ಟು, ಸೀರೆ ಮಡಚಿಕೊಂಡು, ಚಾಪೆಯ ಮೇಲೆ ಇಬ್ಬರು ಹುಡುಗಿಯರ ನಡುವೆ ಕೂತರು.

"ಈಗ ಸರಿಯಾಗಿ ಹೇಳಿ," ಎಂದರು ಮಾನಸ. "ಆ ದೀಪಾವಳಿ ದಿನ ಮೊದಲು ಮಾತಾಡಿಸಿದ್ದು ಯಾರು?"

"ನಾನು," ಎಂದರು ಇಬ್ಬರೂ ಒಟ್ಟಿಗೇ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಲೇಖಕಿಯನ್ನು ನಡುವೆ ಬಿಟ್ಟು, ಹೊಸ ಜಗಳಕ್ಕೆ ನಿಂತರು.