ಮೊದಲ ಗುಟುಕು ಯಾರದ್ದು

ಗಿರಿಜಾಳಿಗೆ ಡಾಕ್ಟರುಗಳ ಮೇಲೆ ಕಾಸಿನಷ್ಟೂ ನಂಬಿಕೆ ಇರಲಿಲ್ಲ. ಗಂಡ ಕುಷ್ಟನ ಸುಟ್ಟುಹೋದ ಅನ್ನನಾಳದಲ್ಲಿ ಹೊಸ ಸ್ನಾಯು ಬೆಳೆಸುತ್ತೇವೆ ಎಂದವರನ್ನು ಯಾರು ತಾನೇ ನಂಬುತ್ತಾರೆ? ತೊಡೆಯಿಂದ ಚೂರು ಸ್ನಾಯು ತೆಗೆದು, ಅದರ ಜೀವಕೋಶಗಳನ್ನು ನೂಲಿನಂಥ ಜಾಲರಿಯ ಕೊಳವೆಯ ಮೇಲೆ ಬೆಳೆಸಿ, ಆ ಕೊಳವೆಯನ್ನು ಎದೆಯೊಳಗೆ ಕೂರಿಸುತ್ತಾರಂತೆ. ಇದಿನ್ನೂ ಪ್ರಯೋಗದ ಹಂತದ ಚಿಕಿತ್ಸೆ ಎಂದು ಡಾಕ್ಟರ್ ರಮ್ಯಶ್ರೀ ಮುಚ್ಚುಮರೆಯಿಲ್ಲದೆ ಹೇಳಿದ್ದರು. ತೊಂಡೆ ಬಳ್ಳಿಗೆ ಚಪ್ಪರ ಹಾಕಿದ ಹಾಗೆ, ಸ್ನಾಯು ಬೆಳೆದು ಗಟ್ಟಿಯಾದ ಮೇಲೆ ಚಪ್ಪರ ತಾನಾಗಿ ಕರಗುತ್ತದೆ ಎಂದಿದ್ದರು. ಚಪ್ಪರ ಕರಗಿದರೆ ಬಳ್ಳಿ ನೆಲ ಕಚ್ಚುವುದಿಲ್ಲವೇ ಎಂದು ಗಿರಿಜಾ ವಾಪಸು ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದ್ದಳು.

ಕೆರಾಡಿಯ ರಬ್ಬರ್ ತೋಟದಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕೆಲಸ. ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಿ ಶೀಟು ಮಾಡಲು ಆ್ಯಸಿಡ್ ಬೇಕು. ಕ್ಯಾನು ಸೋರುತ್ತದೆಂದು ಕುಷ್ಟ ಒಮ್ಮೆ ಅದನ್ನು ಖಾಲಿ ನೀರಿನ ಬಾಟಲಿಗೆ ಸುರಿದಿಟ್ಟಿದ್ದ. ಬಿಸಿಲಲ್ಲಿ ಬೆವರಿ ಬಂದು ನೀರು ಕೇಳಿದ. ಗಿರಿಜಾ ಕೈಗೆ ಸಿಕ್ಕ ಬಾಟಲಿ ಕೊಟ್ಟಳು. ಬಾಯಾರಿಕೆಯಲ್ಲಿ ಅವನು ಗಟಗಟನೆ ಕುಡಿದುಬಿಟ್ಟ. ತುಂಬಿಟ್ಟವನು ಅವನು, ಕೊಟ್ಟವಳು ಇವಳು. ತಪ್ಪು ಯಾರದೆಂದು ಇಬ್ಬರೂ ಬಾಯಿಬಿಟ್ಟು ಆಡಿದ್ದಿಲ್ಲ. ಅಂದಿನಿಂದ ಕುಷ್ಟನಿಗೆ ಹೊಟ್ಟೆಗೆ ಹಾಕಿದ ನಳಿಗೆಯಲ್ಲೇ ಊಟ.

ಕೊಳವೆ ಕೂರಿಸಿ ತಿಂಗಳುಗಳು ಕಳೆದ ಮೇಲೆ ಆಸ್ಪತ್ರೆಯವರು ಕ್ಯಾಮೆರಾ ಇಳಿಸಿ ನೋಡಿದರು. ಜಾಲರಿ ಕಾಣುತ್ತಿಲ್ಲ, ಎಲ್ಲ ಅಂದುಕೊಂಡ ಹಾಗೆಯೇ ಆಗಿದೆ ಎಂದರು. ಬಿಳಿ ಮದ್ದು ಕುಡಿಸಿ ಎಕ್ಸ್-ರೇ ತೆಗೆದು, ಸಲೀಸಾಗಿ ಇಳಿಯುತ್ತಿದೆ, ಇನ್ನು ಬಾಯಿಂದಲೇ ತೆಳ್ಳಗಿನದ್ದು ಕೊಡಿ ಎಂದು ಕಳಿಸಿದರು. ಹಾಕಿದ್ದು ಕಾಣುವುದಿಲ್ಲ ಎಂದರೆ ಹಾಕಿಯೇ ಇಲ್ಲ ಎಂದಲ್ಲವೇ? ಗಿರಿಜಾಳ ತಲೆಯಲ್ಲಿ ಹುಳ ಹೊಕ್ಕಿತು.

ಮನೆಗೆ ಬಂದ ಮೇಲೆ ಅವಳ ಮಾತೇ ನಿಜವಾಯಿತು. ಗಂಜಿಯ ತೆಳಿ ಬಗ್ಗಿಸಿ ಕೊಟ್ಟರೆ ಕುಷ್ಟ ಲೋಟವನ್ನು ತುಟಿಯ ತನಕ ತಂದು, ಎದೆ ಹಿಡಿದುಕೊಂಡು ಕೆಳಗಿಡುತ್ತಿದ್ದ. "ಇಳಿತಿಲ್ಲ" ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ, ಆ ಬಿಳಿ ಮದ್ದಿನ ಎಕ್ಸ್-ರೇಯೂ ಬರೀ ನಾಟಕ ಎಂದು ಅವಳು ನೆರೆಮನೆಯ ಪದ್ದುವಿನೆದುರು ಡಾಕ್ಟರುಗಳ ಜನ್ಮ ಜಾಲಾಡಿದಳು.

ಪದ್ದು ಹತ್ತಿರ ಸರಿದು ದನಿ ತಗ್ಗಿಸಿದಳು.

"ಹೆಣೆ, ಹೇಳೂದಾ ಬ್ಯಾಡ್ದಾ ಗೊತ್ತಾತಿಲ್ಲ. ನಿನ್ನೆ ತಲ್ಲೂರಂಗೆ ಕುಷ್ಟಣ್ಣನ್ನ ಕಂಡೆ. ಹೋಟ್ಲಂಗೆ ಕೂಕಂಡ್ ಚಾ ಕುಡಿತಿದ್ರ್. ಇಡೀ ಲೋಟ."

ಗಾಯದ ಪಟ್ಟಿ ತರುತ್ತೇನೆಂದು ಹೋಗಿದ್ದ ಗಂಡ! ಗಿರಿಜಾಳ ಅನುಮಾನ ಡಾಕ್ಟರುಗಳನ್ನು ಬಿಟ್ಟು ಅವನ ಕುತ್ತಿಗೆಗೆ ಬಿತ್ತು. ತೋಟದ ಕೆಲಸ ತಪ್ಪಿಸಿಕೊಳ್ಳುವ ಉಪಾಯವೋ? ಹೆಂಡತಿಯ ಕೈಲಿ ಆರೈಕೆ ಮಾಡಿಸಿಕೊಳ್ಳುವ ಚಟವೋ? ತಲ್ಲೂರಿನಲ್ಲಿ ಯಾರಾದರೂ ಇದ್ದಾರೋ? ಇರಲಿ, ಹಿಡಿದೇ ಬಿಡುತ್ತೇನೆಂದು ಮಧ್ಯಾಹ್ನ ತೆಳಿ ಕೊಟ್ಟು, ಅಲ್ಲೇ ಬಾಗಿಲಿಗೊರಗಿ ನಿಂತಳು.

ಇಷ್ಟು ದಿನ ಅವನ ಗಂಟಲನ್ನೇ ನೋಡುತ್ತಿದ್ದವಳು ಈ ಸಲ ಕಣ್ಣು ನೋಡಿದಳು. ಕುಷ್ಟ ಲೋಟವನ್ನು ಮೂಗಿನ ಹತ್ತಿರ ತಂದು ಮೂಸಿದ. ಬೆಳಕಿಗೆ ವಾಲಿಸಿ ಒಳಗೆ ಇಣುಕಿದ. ಆಮೇಲೆ ಎದೆ ಹಿಡಿದುಕೊಂಡ.

ಅವರಿವರ ಮೇಲೆಲ್ಲ ಅನುಮಾನ ಪಟ್ಟು ತಿರುಗಿದ ಗಿರಿಜಾಳಿಗೆ, ಈ ಮನೆಯಲ್ಲಿ ಅನುಮಾನ ಇರುವುದು ತನ್ನ ಕೈಯ ಮೇಲೆ ಎಂದು ಈಗ ತಿಳಿಯಿತು. ಸಿಟ್ಟು ನೆತ್ತಿಗೇರಿತು. ಬಾಟಲಿಗೆ ತುಂಬಿಟ್ಟವರು ಯಾರು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡಳು.

ಮದುವೆಯಾದಂದಿನಿಂದ ಗಂಡ ಉಂಡ ಮೇಲೆಯೇ ಉಂಡವಳು ಅವಳು. ಅವನ ಲೋಟಕ್ಕೆ ಮೊದಲು ತುಟಿ ಹಚ್ಚುವುದೆಂದರೆ ಆ ಮನೆಯಲ್ಲಿ ಆಗಹೋಗದ ಮಾತು. ಗಿರಿಜಾ ಲೋಟ ಕಿತ್ತುಕೊಂಡು ಅರ್ಧ ಕುಡಿದಳು.

"ಇಲ್ಕಾಣಿ, ಎಂಜಲ್ ಆಯ್ತ್. ಈಗ ಕುಡಿತ್ರ್ಯಾ?"

ಕುಷ್ಟ ಕೂಡಲೇ ಕೈ ಚಾಚಲಿಲ್ಲ. ಅವಳ ಮುಖ ನೋಡಿದ, ಗಂಟಲು ನೋಡಿದ, ಏನಾದರೂ ಆಗುತ್ತದೋ ಎಂದು ಕಾದ. ಆ ಕಾಯುವಿಕೆಗೆ ಅವಳಿಗೆ ಅಳು ಉಕ್ಕಿ ಬಂತು. ಆದರೂ ಲೋಟ ಹಿಡಿದೇ ನಿಂತಳು. ಕೊನೆಗೆ ಅವನು ತೆಗೆದುಕೊಂಡು ಒಂದು ಗುಟುಕು ನುಂಗಿದ. ಇಳಿಯಿತು. ಇನ್ನೊಂದೂ ಇಳಿಯಿತು.

"ನಾ ಬೇಕಂತ ಮಾಡುದಲ್ಲ, ಹೆಣೆ," ಎಂದ ತಲೆ ತಗ್ಗಿಸಿ. "ನಿನ್ ಕೈ ಕಂಡ್ರೆ ಆ ಬಾಟ್ಲಿ ನೆನಪಾತ್ತ್."

ಅಂದಿನಿಂದ ಪ್ರತಿ ಲೋಟದ ಮೊದಲ ಗುಟುಕು ಗಿರಿಜಾಳದ್ದು. ಕುಷ್ಟ ನೋಡುತ್ತಾ ಕೂರುತ್ತಿದ್ದ, ಆಮೇಲೆ ಕುಡಿಯುತ್ತಿದ್ದ. ನೋಡುವ ಹೊತ್ತು ಬರಬರುತ್ತಾ ಕಡಿಮೆಯಾಯಿತು. ಅವಳು ಲೆಕ್ಕ ಇಡಲಿಲ್ಲ, ನೋವನ್ನು ತೋರಿಸಿಕೊಳ್ಳಲೂ ಇಲ್ಲ.

ಒಂದು ಬೆಳಿಗ್ಗೆ ಅವಳು ಎಂದಿನಂತೆ ಲೋಟವನ್ನು ತನ್ನ ತುಟಿಗೆತ್ತಿದಳು. ಕುಷ್ಟ ಕೈ ಚಾಚಿದ.

"ಎಲ್ಲಾ ನೀನೇ ಕುಡಿತ್ಯಾ? ಕೊಡ್ ಇಲ್."

ಮೂಸದೆ, ಇಣುಕದೆ, ತಳದ ತನಕ ಕುಡಿದ. ಗಿರಿಜಾ ಇನ್ನೂ ಒಂದು ಹನಿಯೂ ಕುಡಿದಿರಲಿಲ್ಲ.