ಗಾದೆ ಡಾಕ್ಟರ ಸಾಕ್ಷಿ

ರೋಗಕ್ಕೊಂದು ಗಾದೆ ಕಟ್ಟುವ ಚಟವಿದ್ದದ್ದರಿಂದ ಅವರನ್ನು ಎಲ್ಲರೂ ಗಾದೆ ಡಾಕ್ಟರು ಎಂದೇ ಕರೆಯುತ್ತಿದ್ದರು. ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗವನ್ನು ಬಹಳ ವರ್ಷ ಆಳಿ, ನೂರಾರು ಹುಡುಗರಿಗೆ ಪಾಠ ಹೇಳಿ ನಿವೃತ್ತರಾಗಿದ್ದರು. ನಿವೃತ್ತಿ ಅಂದರೆ ಗೊತ್ತಲ್ಲ, ಮನೆಯಲ್ಲಿ ಹೆಂಡತಿ ಮಾತು ಕೇಳುವ ಪೂರ್ಣಾವಧಿ ಕೆಲಸ. ಅದರಿಂದ ಆಗಾಗ ರಜೆ ಕೊಡಿಸುತ್ತಿದ್ದದ್ದು ನ್ಯಾಯಾಲಯ. ವೈದ್ಯರ ಮೇಲೆ ಮೊಕದ್ದಮೆ ಹೂಡಿದವರ ಪರವಾಗಿ ವಕೀಲರು ಅವರನ್ನು ತಜ್ಞ ಸಾಕ್ಷಿಯಾಗಿ ಕರೆಯುತ್ತಿದ್ದರು.

ಈ ಸಲ ಮೊಕದ್ದಮೆ ಹೂಡಿದವನು ಒಬ್ಬ ದರ್ಜಿ. ಅವನ ಹೆಂಡತಿ ಎದೆಯುರಿ ಎಂದು ತುರ್ತು ವಿಭಾಗಕ್ಕೆ ಹೋಗಿದ್ದಳು. ಡ್ಯೂಟಿ ಡಾಕ್ಟರು ಇಸಿಜಿ ತೆಗೆಸದೆ, ಗ್ಯಾಸು ಎಂದು ಸಿರಪ್ ಕೊಟ್ಟು ಕಳಿಸಿದ್ದರು. ಮನೆಯ ಮೆಟ್ಟಿಲು ಹತ್ತುವಾಗ ಆಕೆ ಕುಸಿದವಳು ಮತ್ತೆ ಏಳಲಿಲ್ಲ. ಹೃದಯಾಘಾತ. ತಪ್ಪು ಸಾಬೀತಾದರೆ ಆ ಡಾಕ್ಟರ ಪರವಾನಗಿಗೇ ಸಂಚಕಾರ.

"ಇಸಿಜಿ ತೆಗೆಯೋಕೆ ಎಷ್ಟು ಹೊತ್ತು ಬೇಕು ಹೇಳೇ?" ಎಂದು ಗಾದೆ ಡಾಕ್ಟರು ಹೆಂಡತಿಯ ಮುಂದೆ ಹಾರಾಡಿದರು. "ಈ ಹುಡುಗರಿಗೆ ಯಾವ ಪುಣ್ಯಾತ್ಮ ಪಾಠ ಹೇಳಿದ್ನೋ!"

"ನೀವೇ ಇರಬೇಕು, ನೋಡ್ಕೊಳ್ಳಿ," ಎಂದು ಆಕೆ ನಕ್ಕಳು.

ತಮಾಷೆಗೆ ಆಡಿದ ಮಾತು. ನ್ಯಾಯಾಲಯದ ಬಾಗಿಲು ದಾಟಿದರೆ ಅದು ನಿಜವಾಗಿ ಎದುರಿಗೇ ನಿಂತಿತ್ತು. ಆಪಾದಿತರ ಬೆಂಚಿನಲ್ಲಿದ್ದ ತರುಣ ಡಾಕ್ಟರ್ ಇವರನ್ನು ಕಂಡ ಕೂಡಲೇ ದಡಕ್ಕನೆ ಎದ್ದು ನಿಂತ, ಕ್ಲಾಸಿನಲ್ಲಿ ಏಳುವ ಹಾಗೆ. ಕೇಸಿನ ಕಾಗದದಲ್ಲಿ ಹೆಸರು ಓದಿದಾಗ ಹೊಳೆದಿರಲಿಲ್ಲ, ಮುಖ ಹೊಳೆಯಿತು. ಮುಂದಿನ ಸಾಲಿನ ಹುಡುಗ. ಇವರು ಏನು ಹೇಳಿದರೂ ವೇದವಾಕ್ಯವೆಂಬಂತೆ ತಲೆಯಾಡಿಸುತ್ತಿದ್ದವನು.

ಮೊದಲು ಅವನನ್ನೇ ಕರೆದರು.

"ಇಸಿಜಿ ಯಾಕೆ ತೆಗೆಸ್ಲಿಲ್ಲ?" ದರ್ಜಿಯ ವಕೀಲರು ಕೇಳಿದರು.

"ಅವ್ರು ತುಂಬಾ ಮಾತಾಡ್ತಿದ್ರು ಸರ್. ಊರಿಗೆಲ್ಲಾ ಗುಂಡಿ ಹಾಕೋ ನನ್ನ ಗಂಡ ತನ್ನ ಅಂಗಿಗೆ ಗುಂಡಿ ಹಾಕ್ಕೊಳ್ಳಲ್ಲ ಅಂತ ಹೇಳಿ ನರ್ಸನ್ನ ನಗಿಸ್ತಿದ್ರು. ನಿಜವಾದ ಹಾರ್ಟ್ ಅಟ್ಯಾಕಲ್ಲಿ ಹೀಗೆ ಮಾತಾಡೋಕಾಗಲ್ಲ ಅಂದ್ಕೊಂಡೆ."

ಹಿಂದಿನ ಬೆಂಚಿನಲ್ಲಿ ಗಾದೆ ಡಾಕ್ಟರು ತಟ್ಟನೆ ತಲೆಯೆತ್ತಿದರು. ವಾರ್ಡಿನಲ್ಲಿ ಮೊಳಗುತ್ತಿದ್ದ ತಮ್ಮದೇ ದನಿ ಕಿವಿಗೆ ಬಿತ್ತು: "ಮಾತಾಡೋದು ಗ್ಯಾಸು, ಮಾತಾಡದ್ದು ಕೇಸು. ನೆನಪಿಟ್ಕೊಳ್ರೋ!" ಹುಡುಗರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ನಗುನಗುತ್ತಲೇ ಪ್ರಾಣ ಬಿಟ್ಟ ರೋಗಿಗಳನ್ನು ಅವರು ಆಗಲೇ ಕಂಡಿದ್ದರು. ಆ ಮಾತು ಪೂರ್ತಿ ಸತ್ಯವಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಪ್ರಾಸ ಸೊಗಸಾಗಿತ್ತು, ಬಿಡಲು ಮನಸ್ಸಾಗಲಿಲ್ಲ. ಅದನ್ನೇ ವರ್ಷವರ್ಷವೂ ಹೇಳಿದರು, ವರ್ಷವರ್ಷವೂ ಚಪ್ಪಾಳೆ ಗಿಟ್ಟಿಸಿದರು.

"ಇದನ್ನ ನಿಮಗೆ ಯಾರು ಹೇಳಿಕೊಟ್ರು?" ವಕೀಲರು ಬಿಡಲಿಲ್ಲ.

ಹುಡುಗನ ಕಣ್ಣು ಒಂದು ಗಳಿಗೆ ಹಿಂದಿನ ಬೆಂಚಿನತ್ತ ಬಂದು ನೆಲಕ್ಕಿಳಿಯಿತು.

"ಯಾರೂ ಇಲ್ಲ. ನನ್ನದೇ ತೀರ್ಮಾನ."

ಬದುಕಿದೆಯಾ ಬಡಜೀವವೇ, ಎಂದಿತು ಗಾದೆ ಡಾಕ್ಟರ ಮನಸ್ಸು. ಮರುಕ್ಷಣ ಆ ಮನಸ್ಸಿನ ಮೇಲೆಯೇ ಅವರಿಗೆ ಹೇಸಿಗೆಯಾಯಿತು. ಒಬ್ಬಳು ಸತ್ತಿದ್ದಾಳೆ, ಒಬ್ಬ ಮುಳುಗುತ್ತಿದ್ದಾನೆ, ಇವರಿಗೆ ತಮ್ಮ ಹೆಸರು ಉಳಿಯಿತೆಂಬ ಸಮಾಧಾನ!

ವಿರಾಮದಲ್ಲಿ ಹೊರಗೆ ಬಂದರೆ ಹುಡುಗನೇ ಕುರ್ಚಿ ಎಳೆದುಕೊಟ್ಟ. "ಕೂತ್ಕೊಳ್ಳಿ ಸರ್. ಮಂಡಿನೋವು ಹೇಗಿದೆ?"

"ನನ್ನ ಹೆಸರು ಹೇಳಬಹುದಿತ್ತಲ್ಲಪ್ಪಾ."

"ಏನಂತ ಹೇಳ್ಲಿ ಸರ್? ಆವತ್ತು ಆ ಪೇಷಂಟ್ ಮುಂದೆ ನಿಂತಿದ್ದೋನು ನಾನು." ಅವನ ದನಿ ಒಡೆಯಿತು. "ಹೋಗೋವಾಗ ನಂಗೆ ಥ್ಯಾಂಕ್ಸ್ ಹೇಳಿ ಹೋದ್ರು."

ಗಾದೆ ಡಾಕ್ಟರು ಕೂರಲಿಲ್ಲ. ಎಲ್ಲವನ್ನೂ ಹೇಳಿಬಿಡುವುದೆಂದು ನಿಶ್ಚಯಿಸಿಯೇ ಕಟಕಟೆ ಹತ್ತಿದರು. ನ್ಯಾಯಾಧೀಶರು ಗೌರವದಿಂದ ತಲೆಬಾಗಿದರು. ವಕೀಲರು ಅವರ ಅನುಭವವನ್ನು ಹೊಗಳಿ ಹೊನ್ನಶೂಲಕ್ಕೇರಿಸಿದರು. ಆಮೇಲೆ ಕೇಳಿದರು:

"ಸರಿಯಾಗಿ ಪಾಠ ಕಲಿತ ಡಾಕ್ಟರು ಈ ತಪ್ಪು ಮಾಡ್ತಿದ್ರಾ?"

ಕಲಿಸಿದವನು ನಾನೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎಷ್ಟೋ ಜನ ಅವರ ಮುಖವನ್ನೇ ನೋಡುತ್ತಿದ್ದರು, ಎಷ್ಟೋ ವರ್ಷಗಳ ಮರ್ಯಾದೆ ಮೈಮೇಲಿತ್ತು.

"ಇಲ್ಲ," ಎಂದರು. "ಮಾಡ್ತಿರಲಿಲ್ಲ."

ಎದುರು ಬೆಂಚಿನಲ್ಲಿ ಹುಡುಗ ತಲೆಯಾಡಿಸಿದ. ಅಂದು ಕ್ಲಾಸಿನಲ್ಲಿ ಆಡಿಸುತ್ತಿದ್ದ ಹಾಗೆಯೇ.

ಕಳ್ಳನಂತೆ ಮೆಟ್ಟಿಲಿಳಿಯುತ್ತಿದ್ದ ಗಾದೆ ಡಾಕ್ಟರನ್ನು ದರ್ಜಿ ಓಡಿಬಂದು ತಡೆದ. ಅವನ ಅಂಗಿಯ ಕೊರಳ ಗುಂಡಿ ಇರಲಿಲ್ಲ. ಅವರ ಎರಡೂ ಕೈ ಹಿಡಿದುಕೊಂಡ.

"ಆವತ್ತು ಅಲ್ಲಿ ನೀವಿದ್ದಿದ್ರೆ ನಮ್ಮೋಳು ಉಳ್ಕೊಳ್ತಿದ್ಲು ಸ್ವಾಮಿ. ಬಾಯಿಬಡುಕಿ ಅವ್ಳು. ಮಾತಾಡಿ ಮಾತಾಡಿ ನಿಮ್ಮ ತಲೆ ತಿಂತಿದ್ಲು, ಆದ್ರೂ ಉಳ್ಕೊಳ್ತಿದ್ಲು."

ನಾನು ಆವತ್ತು ಅಲ್ಲೇ ಇದ್ದೆನಪ್ಪಾ ಎಂದು ಅವರ ಒಳಗು ಕೂಗಿತು. ಕೈ ಬಿಡಿಸಿಕೊಳ್ಳುವ ಧೈರ್ಯವೂ ಇಲ್ಲದೆ, ಆ ಗುಂಡಿಯಿಲ್ಲದ ಕೊರಳನ್ನೇ ನೋಡುತ್ತಾ ನಿಂತರು.

"ಹುಷಾರಾಗಿ ಮನೆಗೆ ಹೋಗಪ್ಪಾ," ಎಂದಷ್ಟೇ ಹೇಳಿದರು.